9 ತಿಂಗಳ ಮಗುವಿಗೆ ವಾಂತಿ, ಭೇದಿ: ಓಆರ್‌ಎಸ್ ಒಳಗೆ ನಿಲ್ಲುತ್ತಿಲ್ಲ, ನೀವೆಲ್ಲ ಹೇಗೆ ಕುಡಿಸಿದಿರಿ?

ಮಗನಿಗೆ 9 ತಿಂಗಳು, ತೂಕ 8 ಕೆಜಿ. ನಿನ್ನೆ ರಾತ್ರಿಯಿಂದ ವಾಂತಿ, ಬೆಳಗ್ಗೆಯಿಂದ ನೀರು ನೀರಾಗಿ ಭೇದಿ. ಡಾಕ್ಟರಿಗೆ ತೋರಿಸಿದ್ದೇವೆ. ವೈರಸ್ ಇರಬೇಕು, ಓಆರ್‌ಎಸ್ ಮತ್ತು ಜಿಂಕ್ ಕೊಡಿ, ಎದೆಹಾಲು ನಿಲ್ಲಿಸಬೇಡಿ ಅಂದರು. ಆದರೆ ಅರ್ಧ ಉಗಿಯುತ್ತಾನೆ, ಒಳಗೆ ಹೋದದ್ದೂ ಸ್ವಲ್ಪ ಹೊತ್ತಿಗೆ ಆಚೆ ಬರುತ್ತದೆ. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ: ಹಾಲು ನಿಲ್ಲಿಸು, ಎಳನೀರು ಕೊಡು, ಡ್ರಿಪ್ಸ್ ಹಾಕಿಸು. ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಅವಳಿ ಮಕ್ಕಳ ತಾಯಿ, ದಾವಣಗೆರೆ

ಗಾಬರಿ ಆಗಬೇಡ ತಂಗಿ. ನನ್ನ ಇಬ್ಬರಿಗೂ ಒಟ್ಟಿಗೇ ಆಗಿತ್ತು. ನಿನಗೆ ಈಗ ಬೇಕಾಗಿರೋದು ಒಂದು ಚಮಚ ಮತ್ತು ತಾಳ್ಮೆ, ಬಾಟಲಿ ಅಲ್ಲ. ಬಾಟಲಿಯಲ್ಲಿ ಕೊಟ್ಟರೆ ಬಾಯಾರಿದ ಮಗು ಗಟಗಟ ಕುಡಿದುಬಿಡುತ್ತದೆ, ಹೊಟ್ಟೆ ಒಮ್ಮೆಲೇ ತುಂಬಿ ಎಲ್ಲಾ ವಾಪಸ್. ವಾಂತಿ ಆದ ಮೇಲೆ ಒಂದು ಹತ್ತು ನಿಮಿಷ ಸುಮ್ನೆ ಬಿಡು, ಭುಜದ ಮೇಲೆ ಹಾಕಿಕೊಂಡು ಓಡಾಡು. ಆಮೇಲೆ ಟೀ ಚಮಚದಲ್ಲಿ ಒಂದು ಚಮಚ, ಎರಡು ನಿಮಿಷ ಬಿಟ್ಟು ಇನ್ನೊಂದು. ಮಲಗಿಸಿ ಕುಡಿಸಬೇಡ, ತಲೆ ಎತ್ತರಕ್ಕೆ ಇರಲಿ. ನಮ್ಮಲ್ಲಿ ಒಬ್ಬಳು ಚಮಚ ಕಂಡರೇ ಬಾಯಿ ಬಿಗಿ ಹಿಡಿಯುತ್ತಿದ್ದಳು. ಅವಳಿಗೆ ಅಮ್ಮ ಒಳಲೆಯಲ್ಲಿ (ಮಗುವಿಗೆ ಕುಡಿಸುವ ಮೂತಿಯ ಪುಟ್ಟ ಪಾತ್ರೆ) ಕೊಟ್ಟರು, ಮೂಗು ಹಿಡಿದು ಹೊಯ್ಯಲಿಲ್ಲ, ಕೆನ್ನೆಯ ಒಳಬದಿಗೆ ಸೋರಿಬಿಟ್ಟರೆ ತಾನಾಗಿ ನುಂಗುತ್ತಿದ್ದಳು. ಸೂಜಿ ಇಲ್ಲದ ಸಿರಿಂಜು ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ, ಅದರಲ್ಲೂ ಹೀಗೇ ಮಾಡಬಹುದು. ಮಧ್ಯೆ ಒಮ್ಮೆ ವಾಂತಿ ಆದರೆ ಎಲ್ಲಾ ಹೋಯಿತು ಅಂದುಕೊಳ್ಳಬೇಡ, ಸ್ವಲ್ಪವಾದರೂ ಒಳಗೆ ಉಳಿದಿರುತ್ತದೆ. ಮತ್ತೆ ಹತ್ತು ನಿಮಿಷ, ಮತ್ತೆ ಚಮಚ. ಒಬ್ಬಳೇ ಕೂರಬೇಡ, ಯಜಮಾನರಿಗೂ ಸರದಿ ಹಾಕು.

ನಿವೃತ್ತ ನರ್ಸ್, ಶಿವಮೊಗ್ಗ ಜಿಲ್ಲೆ

ಮೇಲಿನವರು ಹೇಳಿದ್ದು ಸರಿ, ಅದಕ್ಕೆ ಲೆಕ್ಕ ಸೇರಿಸುತ್ತೇನೆ. ಚಮಚ ಅಂದರೆ ಅಮ್ಮಂದಿರಿಗೆ ನಂಬಿಕೆ ಬರುವುದಿಲ್ಲ, ಇಷ್ಟರಲ್ಲಿ ಏನಾಗುತ್ತದೆ ಅನ್ನುತ್ತಾರೆ. ಟೀ ಚಮಚ 5 ಎಂಎಲ್. ಎರಡು ನಿಮಿಷಕ್ಕೊಂದು ಅಂದರೆ ಗಂಟೆಗೆ 150 ಎಂಎಲ್, ನಾಲ್ಕು ಗಂಟೆಗೆ 600 ಎಂಎಲ್. ನೀರು ಕಡಿಮೆಯಾಗಿ ಸುಸ್ತಾದ ಮಗುವಿಗೆ ಆರೋಗ್ಯ ಕೇಂದ್ರದಲ್ಲಿ ಕೂರಿಸಿಕೊಂಡು ನಾವು ಕುಡಿಸುವ ಅಳತೆ ಕೆಜಿಗೆ 75 ಎಂಎಲ್, ನಾಲ್ಕು ಗಂಟೆಯಲ್ಲಿ. 8 ಕೆಜಿಗೆ ಅದೂ 600. ನೋಡಿದಿರಾ, ಚಮಚದಲ್ಲೇ ಪೂರ್ತಿ ಆಗುತ್ತದೆ! ಮಗು ಚುರುಕಾಗಿದ್ದರೆ ಅಷ್ಟು ಬೇಡ, ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಗೂ 50ರಿಂದ 100 ಎಂಎಲ್ ಸಾಕು.

ಕಲಸುವುದರಲ್ಲಿ ಜೋಪಾನ. ದೊಡ್ಡ ಪೊಟ್ಟಣ 1 ಲೀಟರಿಗೆ, ಚಿಕ್ಕ ಪೊಟ್ಟಣ 200 ಎಂಎಲ್‌ಗೆ. ಪೊಟ್ಟಣ ಪೂರ್ತಿ ಒಂದೇ ಸಲ ಹಾಕಬೇಕು. ಒಂದು ಲೋಟಕ್ಕೆ ಒಂದು ಚಿಟಿಕೆ ಅಂತ ಹಾಕಬಾರದು. ನೀರು ಕಡಿಮೆಯಾದರೆ ಉಪ್ಪು ಜಾಸ್ತಿಯಾಗುತ್ತದೆ, ಅದು ಮಗುವಿಗೆ ಅಪಾಯ. ನೀರು ಜಾಸ್ತಿಯಾದರೆ ಗುಣವಿಲ್ಲ. ಮನೆಯ ಲೋಟ ನಂಬಬೇಡಿ, ಹಾಲಿನ ಬಾಟಲಿಯ ಮೇಲೆ ಎಂಎಲ್ ಗೆರೆ ಇರುತ್ತಲ್ಲ, ಅದರಲ್ಲಿ ಅಳೆಯಿರಿ. ಕುದಿಸಿ ಆರಿಸಿದ ನೀರು. ಸಕ್ಕರೆ, ಹಾಲು, ಜ್ಯೂಸ್ ಏನೂ ಬೆರೆಸಬೇಡಿ. 24 ಗಂಟೆ ಆದ ಮೇಲೆ ಉಳಿದದ್ದು ಚೆಲ್ಲಿ.

ಓಆರ್‌ಎಸ್ ಕುಡಿಸಿದರೂ ಭೇದಿ ನಿಲ್ಲಲಿಲ್ಲ ಅಂತ ಬಿಟ್ಟುಬಿಡುವವರನ್ನು ಬಹಳ ನೋಡಿದ್ದೇನೆ. ಅದು ಭೇದಿ ನಿಲ್ಲಿಸುವ ಔಷಧಿಯೇ ಅಲ್ಲ. ಹೋದ ನೀರು, ಉಪ್ಪು ವಾಪಸ್ ತುಂಬುವುದಕ್ಕೆ. ವೈರಸ್ಸಿನ ಭೇದಿ ಕೆಲವು ದಿನ ಇದ್ದು ತಾನೇ ಹೋಗುತ್ತದೆ, ಅಲ್ಲಿಯವರೆಗೆ ಮಗು ಒಣಗದ ಹಾಗೆ ನೋಡಿಕೊಳ್ಳುವುದೇ ಚಿಕಿತ್ಸೆ. ದೊಡ್ಡವರು ನುಂಗುವ ಭೇದಿ ನಿಲ್ಲಿಸುವ ಮಾತ್ರೆ ಮಗುವಿಗೆ ಯಾವತ್ತೂ ಬೇಡ.

ಡ್ರಿಪ್ಸ್ ಬಗ್ಗೆ. 1971ರಲ್ಲಿ ಬಾಂಗ್ಲಾ ಯುದ್ಧದ ಹೊತ್ತಿಗೆ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದಾಗ ಸಲೈನ್ ಸಾಲಲಿಲ್ಲ. ಡಾ. ದಿಲೀಪ್ ಮಹಲನಾಬಿಸ್ ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಇಟ್ಟು, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಅಲ್ಲಿ ಸಾವಿನ ಪ್ರಮಾಣ ಶೇ. 3.6ಕ್ಕೆ ಇಳಿಯಿತು. ಕಾಲರಾದಲ್ಲೇ ಆಗಿದ್ದು ಇದು. ಆದ್ದರಿಂದ ಮಗು ಕುಡಿಯುತ್ತಿದ್ದರೆ ಸೂಜಿ ಬೇಕಿಲ್ಲ. ಕುಡಿಯಲಾಗದಿದ್ದರೆ ಬೇಕೇ ಬೇಕು, ಆಗ ತಡ ಮಾಡಬಾರದು.

ಒಬ್ಬ ಅಪ್ಪ, ಬೆಂಗಳೂರು

ಮೆಡಿಕಲ್ ಸ್ಟೋರಿಗೆ ಹೋಗುವವರಿಗೆ ಒಂದು ಮಾತು. ಓಆರ್‌ಎಸ್ ಕೊಡಿ ಅಂದರೆ ಎಷ್ಟೋ ಕಡೆ ಆಪಲ್, ಆರೆಂಜ್ ರುಚಿಯ ಟೆಟ್ರಾ ಪ್ಯಾಕ್ ಕೊಟ್ಟು ಕಳಿಸುತ್ತಿದ್ದರು. ಅದು ಸಿಹಿ ಪಾನೀಯ. ಸಕ್ಕರೆ ಜಾಸ್ತಿಯಾದರೆ ಕರುಳಿಗೆ ಇನ್ನಷ್ಟು ನೀರು ಎಳೆದುಕೊಂಡು ಭೇದಿ ಹೆಚ್ಚುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಅನ್ನುವ ಪದ ಇರಬಾರದು ಅಂತ ಆದೇಶ ಮಾಡಿತು. ಆದರೂ ನೀವೇ ಓದಿ ನೋಡಿ. ಪೊಟ್ಟಣದ ಮೇಲೆ ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಫಾರ್ಮುಲಾ ಅಂತ ಇರಬೇಕು, ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು ಅಂದರೆ ಸೋಡಿಯಂ ಕ್ಲೋರೈಡ್ 2.6 ಗ್ರಾಂ. ಬರೀ ಗ್ಲೂಕೋಸ್ ಪುಡಿಯೂ ಓಆರ್‌ಎಸ್ ಅಲ್ಲ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಸೋಡಿಯಂ ಕಡಿಮೆ, ಓಆರ್‌ಎಸ್ ಬದಲಿಗೆ ಅದು ಆಗುವುದಿಲ್ಲ. ದುಡ್ಡು ಕೊಡಲೇಬೇಕು ಅಂತಲೂ ಇಲ್ಲ, ಆಶಾ ಕಾರ್ಯಕರ್ತೆಯರ ಹತ್ತಿರ ಪೊಟ್ಟಣ ಸಿಗುತ್ತದೆ.

ಅಜ್ಜಿ, ಮೈಸೂರು

ಮಗಳೇ, ಹಾಲು ನಿಲ್ಲಿಸಬೇಡ. ನಮ್ಮ ಕಾಲದಲ್ಲಿ ಹೊಟ್ಟೆ ಖಾಲಿ ಬಿಟ್ಟರೆ ಭೇದಿ ನಿಲ್ಲುತ್ತೆ ಅಂತಿದ್ದರು, ನಿಮ್ಮ ಮನೆಯವರು ಪ್ರೀತಿಯಿಂದಲೇ ಹೇಳುತ್ತಿದ್ದಾರೆ, ಜಗಳಕ್ಕೆ ಹೋಗಬೇಡ. ಡಾಕ್ಟರ್ ಮುಂದೆ ಅವರನ್ನೂ ಕೂರಿಸಿ ಹೇಳಿಸು. ಎದೆಹಾಲು ಎಷ್ಟು ಸಲ ಕೇಳಿದರೂ ಕೊಡು, ಆದರೆ ಸ್ವಲ್ಪ ಸ್ವಲ್ಪ. ವಾಂತಿ ತಗ್ಗಿದ ಮೇಲೆ ಅನ್ನದ ಗಂಜಿ ಚೆನ್ನಾಗಿ ನುಣ್ಣಗೆ ಮಾಡಿ ಚಿಟಿಕೆ ಉಪ್ಪು ಹಾಕಿ ಕೊಡು, ಬಾಳೆಹಣ್ಣು ಕಿವುಚಿ ಕೊಡು, ಮೊಸರನ್ನ ತಿನ್ನುವ ಮಗುವಾದರೆ ಅದೂ ಆಗುತ್ತದೆ. ತೇಯುವ ಕಲ್ಲಿನ ಮೇಲೆ ಬಜೆ ಅದು ಇದು ತೇಯ್ದು ನೆಕ್ಕಿಸುವುದು ಈಗ ಬೇಡ. ಹಲ್ಲು ಬರುವಾಗ ಭೇದಿ ಸಹಜ ಅಂತ ಯಾರಾದರೂ ಅಂದರೆ ಕೇಳಿ ಸುಮ್ಮನಿರಬೇಡ.

ನ್ಯೂಜೆರ್ಸಿಯಿಂದ ಒಬ್ಬರು

ಇಲ್ಲಿ ಪೊಟ್ಟಣಕ್ಕಿಂತ ಪೀಡಿಯಾಲೈಟ್ ಅನ್ನುವ ಸಿದ್ಧ ಬಾಟಲಿ ಹೆಚ್ಚು, ತೆರೆದ ಮೇಲೆ ಫ್ರಿಜ್‌ನಲ್ಲಿಟ್ಟು 48 ಗಂಟೆಯೊಳಗೆ ಮುಗಿಸಬೇಕು. ವಿಧಾನ ಅದೇ ಚಮಚ, ಅದೇ ಎರಡು ನಿಮಿಷ. ಜಿಂಕ್ ಮಾತ್ರ ನಮಗೆ ಬರೆದುಕೊಡಲಿಲ್ಲ, ಊರಲ್ಲಿ ಕೊಟ್ಟರೆ ಬಿಡಬೇಡಿ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಚಮಚದಲ್ಲಿ ಶುರು ಮಾಡಿದ್ದೇನೆ, ಸ್ವಲ್ಪ ನಿಲ್ಲುತ್ತಿದೆ. ನರ್ಸಮ್ಮ, ಎರಡು ಅನುಮಾನ. ಭೇದಿಯೇ ನೀರಾಗಿರುವಾಗ ಮೂತ್ರ ಆಯಿತಾ ಇಲ್ವಾ ಹೇಗೆ ತಿಳಿಯೋದು? ರಾತ್ರಿ ಎಬ್ಬಿಸಿ ಕುಡಿಸಬೇಕಾ?

ನಿವೃತ್ತ ನರ್ಸ್

ಡೈಪರ್ ತೆಗೆದು ಹಳೇ ಪಂಚೆಯ ಬಿಳಿ ಬಟ್ಟೆ ಕಟ್ಟಮ್ಮ. ಮುಂದೆ ಒದ್ದೆಯಾಗಿದ್ದರೆ ಮೂತ್ರ, ಬಣ್ಣವೂ ಕಾಣುತ್ತದೆ. ಆರು ಗಂಟೆ ಕಳೆದರೂ ಮುಂದೆ ಒಣಗೇ ಇದ್ದರೆ, ಅಥವಾ ತೀರಾ ಹಳದಿ ಕಲೆ ಬಿದ್ದಿದ್ದರೆ, ಡಾಕ್ಟರಿಗೆ ಫೋನ್ ಮಾಡು. ಅತ್ತರೆ ಕಣ್ಣೀರು ಬರುತ್ತದಾ, ಬಾಯಿ ಒದ್ದೆ ಇದೆಯಾ, ನೆತ್ತಿಯ ಮೆತ್ತನೆ ಜಾಗ ಒಳಗೆ ಇಳಿದಿದೆಯಾ ನೋಡು. ನೆತ್ತಿಯನ್ನು ಮಗು ಅಳದೆ ನೆಟ್ಟಗೆ ಕೂತಿದ್ದಾಗ ನೋಡಬೇಕು. ಹೊಟ್ಟೆಯ ಚರ್ಮ ಎರಡು ಬೆರಳಲ್ಲಿ ಹಿಡಿದು ಬಿಡು, ತಕ್ಷಣ ಸಮ ಆಗಬೇಕು. ನಿಧಾನವಾಗಿ ಇಳಿದರೆ ಆಸ್ಪತ್ರೆಗೆ. ಭೇದಿಯಲ್ಲಿ ರಕ್ತ, ಹಸಿರು ವಾಂತಿ, ಗುಳಿಬಿದ್ದ ಕಣ್ಣು, ಏನು ಕೊಟ್ಟರೂ ನುಂಗದಿರುವುದು, ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡ.

ರಾತ್ರಿ ಹಾಯಾಗಿ ನಿದ್ದೆ ಮಾಡುತ್ತಿದ್ದು, ಸಂಜೆ ಮೂತ್ರ ಮಾಡಿದ್ದರೆ, ಪ್ರತಿ ಗಂಟೆ ಎಬ್ಬಿಸಬೇಡ. ಭೇದಿ ಆಗಿ ಎದ್ದಾಗ ಬಟ್ಟೆ ಬದಲಿಸಿ ಓಆರ್‌ಎಸ್ ಕೊಡು, ಆಮೇಲೆ ಎದೆಹಾಲು. ಆದರೆ ಮುಟ್ಟಿ ಕರೆದರೆ ಕಣ್ಣು ಬಿಡಬೇಕು. ಎಬ್ಬಿಸಿದರೂ ಜೋತುಬಿದ್ದ ಹಾಗಿದ್ದರೆ ಅದು ನಿದ್ದೆ ಅಲ್ಲ, ಆಗಲೇ ಹೊರಡು, ದಾರಿಯಲ್ಲಿ ನುಂಗುವಷ್ಟು ಎಚ್ಚರವಿದ್ದರೆ ಮಾತ್ರ ಚಮಚದಲ್ಲಿ ಕೊಡುತ್ತಾ ಹೋಗು. ಜಿಂಕ್ ದಿನಕ್ಕೆ 20 ಮಿಲಿಗ್ರಾಂ, ಆರು ತಿಂಗಳು ದಾಟಿದ್ದರಿಂದ ಪೂರ್ತಿ ಮಾತ್ರೆ, ಚಮಚ ನೀರಲ್ಲಿ ಕರಗಿಸಿ. ಭೇದಿ ನಿಂತರೂ 14 ದಿನ ಮುಗಿಸು.