ಗಿಲನ್ ಇಲ್ಲದ ಡೀಪ್ ಪರ್ಪಲ್: 'ಬರ್ನ್' ಕೇಳಬೇಕಾ, ಬಿಡಬೇಕಾ?

ಸುಮ್ನೆ_ಕೇಳುಗ:

ಎಲ್ಲರಿಗೂ ನಮಸ್ಕಾರ. ಬ್ರಿಟಿಷ್ ರಾಕ್ ಬ್ಯಾಂಡ್ ಡೀಪ್ ಪರ್ಪಲ್ ಅಂದ್ರೆ ನನಗೆ 'ಇನ್ ರಾಕ್', 'ಮೆಷಿನ್ ಹೆಡ್', ಆಮೇಲೆ ಆ ಜಪಾನಿನ ಲೈವ್ ರೆಕಾರ್ಡ್, ಅಷ್ಟೇ. ಇಯಾನ್ ಗಿಲನ್ ಕಿರುಚಬೇಕು, ರಿಚೀ ಬ್ಲ್ಯಾಕ್‌ಮೋರ್ ಗಿಟಾರ್ ಸೀಳಬೇಕು, ಜಾನ್ ಲಾರ್ಡ್ ಆರ್ಗನ್ ಗುಡುಗಬೇಕು. ಮೊನ್ನೆ ಗೆಳೆಯನೊಬ್ಬ ಅವರ 1974ರ 'ಬರ್ನ್' ಆಲ್ಬಮ್ ಕೇಳು ಅಂತ ಕಳಿಸಿದ. ಮೊದಲ ಹಾಡು ಬೆಂಕಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂದೆ ಹೋದಂತೆ ತಲೆ ಕೆಟ್ಟಿತು. ಒಬ್ಬ ದಪ್ಪ ದನಿಯಲ್ಲಿ ಹಾಡುತ್ತಿರುತ್ತಾನೆ, ನಡುವೆ ಇನ್ನೊಬ್ಬ ಮೇಲಿನ ಸ್ವರದಲ್ಲಿ ನುಗ್ಗುತ್ತಾನೆ, ಗಿಲನ್ ಎಲ್ಲೂ ಇಲ್ಲ, ಬೇಸ್ ನುಡಿಸುವ ರೋಜರ್ ಗ್ಲೋವರ್ ಕೂಡ ಇಲ್ಲ. ಐವರಲ್ಲಿ ಇಬ್ಬರು ಹೋದ ಮೇಲೂ ಅದನ್ನು ಡೀಪ್ ಪರ್ಪಲ್ ಅನ್ನಬಹುದಾ? ಯಾರು ಎಲ್ಲಿ ಹಾಡುತ್ತಿದ್ದಾರೆ ಅಂತ ಯಾರಾದರೂ ಬಿಡಿಸಿ ಹೇಳಿ. ಇನ್ನೊಂದು, 'ಸೇಲ್ ಅವೇ' ಹಾಡು ನನ್ನ ಪಟ್ಟಿಯಲ್ಲಿ ಎರಡು ಸಲ ಬರುತ್ತಿದೆ. ಅದು ಯಾಕೆ?

ಹ್ಯಾಮಂಡ್_ಹುಚ್ಚ:

ಮೊದಲು ಹೆಸರಿನ ವಿಚಾರ. 1968ರಲ್ಲಿ ಈ ಬ್ಯಾಂಡ್ ಶುರುವಾದಾಗ ಗಿಲನ್ ಇರಲಿಲ್ಲ, ಗ್ಲೋವರ್ ಕೂಡ ಇರಲಿಲ್ಲ. ರಾಡ್ ಇವಾನ್ಸ್ ಹಾಡುತ್ತಿದ್ದ, ನಿಕ್ ಸಿಂಪರ್ ಬೇಸ್ ನುಡಿಸುತ್ತಿದ್ದ. ಮೂರು ಆಲ್ಬಮ್ ಮಾಡಿ 1969ರಲ್ಲಿ ಅವರಿಬ್ಬರನ್ನು ಕಳಿಸಿ ಗಿಲನ್, ಗ್ಲೋವರ್ ಇಬ್ಬರನ್ನೂ ಕರೆತಂದರು. ಅಂದರೆ ನೀವು ಅಸಲಿ ಅಂತ ಹಿಡಿದುಕೊಂಡಿರುವ ಗಾಯಕನೇ ಬದಲಿಗೆ ಬಂದವನು! ಅಭಿಮಾನಿಗಳು ಮಾರ್ಕ್ 1, ಮಾರ್ಕ್ 2, ಮಾರ್ಕ್ 3 ಅಂತ ಎಣಿಸುವುದು ಇದಕ್ಕೇ. 'ಬರ್ನ್' ಮಾರ್ಕ್ 3ರ ಮೊದಲ ಆಲ್ಬಮ್.

ಏನಾಯ್ತು ಅಂದ್ರೆ, 1972ರ ಹೊತ್ತಿಗೆ ಇವರನ್ನು ಊರೂರು ಸುತ್ತಿಸಿ ಸುತ್ತಿಸಿ ಹಣ್ಣು ಮಾಡಿದ್ದರು. ಗಿಲನ್‌ಗೂ ಬ್ಲ್ಯಾಕ್‌ಮೋರ್‌ಗೂ ಮುಖ ಕೊಟ್ಟು ಮಾತಾಡುವಷ್ಟು ಕೂಡ ಉಳಿದಿರಲಿಲ್ಲ. ವರ್ಷದ ಕೊನೆಗೆ ಗಿಲನ್ ರಾಜೀನಾಮೆ ಪತ್ರ ಕೊಟ್ಟ. ಒಪ್ಪಿಕೊಂಡಿದ್ದ ಕಾರ್ಯಕ್ರಮಗಳನ್ನೆಲ್ಲ ಮುಗಿಸಿ 1973ರ ಜೂನ್‌ನಲ್ಲಿ ಜಪಾನಿನ ಒಸಾಕಾದಲ್ಲಿ ಕೊನೆಯ ಸಲ ಹಾಡಿ ಹೊರಟ. ಗ್ಲೋವರ್ ತಾನಾಗಿ ಹೋದವನಲ್ಲ, ಅವನು ಇರುವುದು ಬ್ಲ್ಯಾಕ್‌ಮೋರ್‌ಗೆ ಬೇಕಿರಲಿಲ್ಲ. (ತಮಾಷೆ ನೋಡಿ, ಅದೇ ಗ್ಲೋವರ್ 1979ರಲ್ಲಿ ಅದೇ ಬ್ಲ್ಯಾಕ್‌ಮೋರ್‌ನ ರೇನ್‌ಬೋ ಬ್ಯಾಂಡಿಗೆ ಬೇಸ್ ನುಡಿಸಲು ಹೋದ. ಈ ಜನಗಳ ಜಗಳಕ್ಕೆ ನಾವು ತಲೆ ಕೆಡಿಸಿಕೊಳ್ಳಬಾರದು.)

ಬೇಸ್‌ಗೆ ಟ್ರಪೀಜ್ ಬ್ಯಾಂಡಿನ ಗ್ಲೆನ್ ಹ್ಯೂಸ್ ಬಂದ. ಅವನು ಅಲ್ಲಿ ಬರೀ ಬೇಸ್ ಅಲ್ಲ, ಗಾಯಕ ಕೂಡ. ಆದರೂ ಮುಂದೆ ನಿಂತು ಹಾಡಲು ಬೇರೊಬ್ಬ ಬೇಕು ಅಂತ ಹುಡುಕಿದರು. ಫ್ರೀ ಬ್ಯಾಂಡಿನ ಪಾಲ್ ರಾಜರ್ಸ್‌ನನ್ನು ಕೇಳಿದರು, ಅವನು ಒಲ್ಲೆ ಅಂದು ಬ್ಯಾಡ್ ಕಂಪನಿ ಕಟ್ಟಿದ. ಕೊನೆಗೆ ಸಿಕ್ಕವನು ಡೇವಿಡ್ ಕವರ್‌ಡೇಲ್. ಇಂಗ್ಲೆಂಡಿನ ಈಶಾನ್ಯ ಕರಾವಳಿಯ ರೆಡ್‌ಕಾರ್ ಎಂಬ ಊರಲ್ಲಿ ಬಟ್ಟೆ ಅಂಗಡಿಯಲ್ಲಿ ಕೆಲಸ, ಸಂಜೆ ಸಣ್ಣಪುಟ್ಟ ಬ್ಯಾಂಡುಗಳಲ್ಲಿ ಹಾಡು. ಟೇಪ್ ಕಳಿಸಿದ, ಕರೆ ಬಂತು. ಆಲ್ಬಮ್ ರೆಕಾರ್ಡ್ ಮಾಡುವಾಗ ಅವನಿಗೆ 22 ವರ್ಷ. ಮೊದಲ ರೆಕಾರ್ಡೇ ಡೀಪ್ ಪರ್ಪಲ್ ಜೊತೆ, ಎಂಥ ಅದೃಷ್ಟ ಅಲ್ವಾ?

ಗ್ಲಾಸ್ಟರ್‌ಶೈರ್‌ನ ಕ್ಲಿಯರ್‌ವೆಲ್ ಕೋಟೆಯಲ್ಲಿ ಕೂತು ಹಾಡು ಕಟ್ಟಿದರು. ನವೆಂಬರ್ 1973ರಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ, ರೋಲಿಂಗ್ ಸ್ಟೋನ್ಸ್‌ನವರ ರೆಕಾರ್ಡಿಂಗ್ ಟ್ರಕ್ ತರಿಸಿ ರೆಕಾರ್ಡ್ ಮಾಡಿದರು. 'ಮೆಷಿನ್ ಹೆಡ್' ಆಗಿದ್ದೂ ಅದೇ ಊರಲ್ಲಿ, ಅದೇ ಟ್ರಕ್‌ನಲ್ಲಿ. ಫೆಬ್ರವರಿ 1974ರಲ್ಲಿ ಹೊರಬಂತು, ಬ್ರಿಟನ್ನಿನಲ್ಲಿ 3ನೇ ಸ್ಥಾನ, ಅಮೆರಿಕದಲ್ಲಿ 9.

ಆರನೇ_ತಂತಿ:

ಯಾರು ಎಲ್ಲಿ ಹಾಡುತ್ತಾರೆ ಅನ್ನೋದು ಒಳ್ಳೆ ಪ್ರಶ್ನೆ, ಈ ಆಲ್ಬಮ್‌ನ ಗುಟ್ಟೇ ಅಲ್ಲಿದೆ. ದಪ್ಪ ದನಿ, ಎದೆಯಿಂದ ಬರುವುದು, ಸ್ವಲ್ಪ ಹೊಗೆ ತುಂಬಿದ ಹಾಗಿರುವುದು ಕವರ್‌ಡೇಲ್. ಮೇಲೆ ಹಾರಿ ಅಮೆರಿಕದ ಕಪ್ಪು ಜನರ ಸೋಲ್ ಸಂಗೀತದ ಹಾಡುಗಾರರ ಹಾಗೆ ಸ್ವರ ಬಳುಕಿಸುವವನು ಹ್ಯೂಸ್. ಶೀರ್ಷಿಕೆ ಹಾಡಲ್ಲಿ ಚರಣಗಳನ್ನು ಕವರ್‌ಡೇಲ್ ಹಿಡಿದುಕೊಳ್ಳುತ್ತಾನೆ, ನಡುವೆ ರಾಗ ಬದಲಾಗಿ ಮೇಲೇರುವಲ್ಲಿ ಹ್ಯೂಸ್ ಬರುತ್ತಾನೆ. 'ಸೇಲ್ ಅವೇ' ಇನ್ನೂ ಸುಲಭ, ಮೊದಲು ತಗ್ಗಿನಲ್ಲಿ ಕವರ್‌ಡೇಲ್, ಆಮೇಲೆ ಹ್ಯೂಸ್. ಅದನ್ನು ಮೊದಲು ಕೇಳಿ ಇಬ್ಬರ ದನಿ ಕಿವಿಗೆ ಕೂತ ಮೇಲೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. 'ಮಿಸ್‌ಟ್ರೀಟೆಡ್' ಮಾತ್ರ ಪೂರ್ತಿ ಕವರ್‌ಡೇಲ್ ಒಬ್ಬನದೇ. ಏಳು ನಿಮಿಷಕ್ಕೂ ಜಾಸ್ತಿ ಇರುವ ನಿಧಾನದ ಬ್ಲೂಸ್. ಇಪ್ಪತ್ತೆರಡರ ಹುಡುಗ ಅಷ್ಟು ನೊಂದವನ ಹಾಗೆ ಹೇಗೆ ಹಾಡಿದ ಅಂತ ನನಗೆ ಇವತ್ತಿಗೂ ಆಶ್ಚರ್ಯ.

ನನ್ನ ಪ್ರಕಾರ ಇವರು ಗಿಲನ್‌ಗೆ ಬದಲಿ ಹುಡುಕಲೇ ಇಲ್ಲ, ಹುಡುಕಿದ್ದರೆ ಸೋಲುತ್ತಿದ್ದರು. ಅವನ ಹಾಗೆ ಕಿರುಚುವ ಇನ್ನೊಬ್ಬನನ್ನು ತಂದಿದ್ದರೆ ಜನ ಪ್ರತಿ ಸಾಲಿಗೂ ಹೋಲಿಸುತ್ತಿದ್ದರು. ಅದರ ಬದಲು ಒಬ್ಬನ ಕೆಲಸವನ್ನು ಇಬ್ಬರಿಗೆ ಹಂಚಿದರು, ಅದೂ ಒಬ್ಬರಿಗೊಬ್ಬರು ಒಂಚೂರೂ ಹೋಲದ ಇಬ್ಬರಿಗೆ. ಗಿಲನ್ ಕಾಲದಲ್ಲಿ ಗಾಯಕನೂ ಗಿಟಾರೂ ಎದುರುಬದುರು ನಿಂತು ಸವಾಲ್ ಜವಾಬ್ ಮಾಡುತ್ತಿದ್ದರು. ಇಲ್ಲಿ ಆ ಸವಾಲ್ ಜವಾಬ್ ಗಾಯಕರಿಬ್ಬರ ನಡುವೆಯೇ ನಡೆಯುತ್ತದೆ, ಹಾಗಾಗಿ ಬ್ಲ್ಯಾಕ್‌ಮೋರ್ ಕೈ ಖಾಲಿಯಾಗಿ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಕಡೆ ಗಮನ ಕೊಟ್ಟಿದ್ದಾನೆ. ಇನ್ನು ಡ್ರಮ್ಸ್! ಇಯಾನ್ ಪೇಸ್ 'ಬರ್ನ್' ಹಾಡಲ್ಲಿ ತಾಳ ಹಿಡಿಯುವುದೇ ಇಲ್ಲ ಅನ್ನಿಸುತ್ತದೆ, ಇಡೀ ಚರಣದುದ್ದಕ್ಕೂ ಸೋಲೋ ಬಾರಿಸುತ್ತಾ ಹೋಗುತ್ತಾನೆ, ಆದರೂ ಹಾಡು ಒಂದು ಇಂಚು ಅಲುಗುವುದಿಲ್ಲ. ಲಾರ್ಡ್‌ನ ಆರ್ಗನ್ ಸೋಲೋ ಬಂದಾಗ ಹಳೆಯ ಜರ್ಮನ್ ಸಂಗೀತಕಾರ ಬಾಖ್ ನೆನಪಾಗದಿದ್ದರೆ ಕೇಳಿ.

ಮಾರ್ಕ್2_ಮಾತ್ರ:

ಎಲ್ಲರೂ ಹೊಗಳುತ್ತಿದ್ದೀರಿ, ಒಬ್ಬನಾದರೂ ಬೇರೆ ಮಾತಾಡಲಿ. ಮೊದಲ ಹಾಡು, 'ಮಿಸ್‌ಟ್ರೀಟೆಡ್', ಬೇಕಿದ್ದರೆ 'ಯು ಫೂಲ್ ನೋ ಒನ್', ಅಷ್ಟೇ ದೊಡ್ಡವು. 'ವಾಟ್ಸ್ ಗೋಯಿನ್ ಆನ್ ಹಿಯರ್' ಯಾವ ಬ್ರಿಟಿಷ್ ಬ್ಲೂಸ್ ಬ್ಯಾಂಡ್ ಬೇಕಾದರೂ ಮಾಡಬಹುದಿತ್ತು. ಕೊನೆಯ 'ಎ 200' ಲಾರ್ಡ್ ಹೊಸ ಸಿಂಥಸೈಜರ್ ಇಟ್ಟುಕೊಂಡು ಜಾಗ ತುಂಬಿಸಿದ್ದು. ಗಿಲನ್ ಸಾಹಿತ್ಯದಲ್ಲಿ ಒಂದು ಕುಚೋದ್ಯ ಇರುತ್ತಿತ್ತು, ಪರಿಚಯದವನೊಬ್ಬ ಕಥೆ ಹೇಳಿದ ಹಾಗೆ. ಇಲ್ಲಿ ಬರೀ ಮಾಟಗಾತಿ, ಕೈಕೊಟ್ಟ ಹೆಣ್ಣು, ದೂರ ಹೋಗುವ ದಾರಿ.

ಮತ್ತೆ ಆ ಹ್ಯೂಸ್. ಹಾಡುಗಾರ ಒಳ್ಳೆಯವನೇ, ಇಲ್ಲ ಅನ್ನಲ್ಲ. ಆದರೆ ಅವನಿಗೆ ಬೇಕಿದ್ದದ್ದು ಕುಣಿಸುವ ತಾಳದ ಫಂಕ್, ಸೋಲ್. 'ಬರ್ನ್'ನಲ್ಲಿ ಬ್ಲ್ಯಾಕ್‌ಮೋರ್ ಹಿಡಿತ ಇತ್ತು. ಅದೇ ವರ್ಷದ ಕೊನೆಗೆ ಬಂದ 'ಸ್ಟಾರ್ಮ್‌ಬ್ರಿಂಗರ್' ಹೊತ್ತಿಗೆ ಹ್ಯೂಸ್ ದಾರಿ ಗೆದ್ದಿತು, 1975ರಲ್ಲಿ ಬ್ಲ್ಯಾಕ್‌ಮೋರ್ ಎದ್ದು ಹೋಗಿ ರೇನ್‌ಬೋ ಕಟ್ಟಿದ. ಇನ್ನೊಂದು ಆಲ್ಬಮ್ ಟಾಮಿ ಬೋಲಿನ್ ಗಿಟಾರ್ ಜೊತೆ, 1976ರಲ್ಲಿ ಅಂಗಡಿ ಬಂದ್. ಹೊಸಬರು ಬಂದು ಮೂರು ವರ್ಷ ಕೂಡ ಆಗಲಿಲ್ಲ. ಬ್ಯಾಂಡ್ ಮುರಿಯುವುದಕ್ಕೆ ಕಾರಣ ಈ ಆಲ್ಬಮ್‌ನಲ್ಲೇ ಕೇಳಿಸುತ್ತದೆ.

2001ರಲ್ಲಿ ಡೀಪ್ ಪರ್ಪಲ್ ಬೆಂಗಳೂರಿಗೆ ಬಂದಾಗ ನಾನು ಹೋಗಿದ್ದೆ. ಗಿಲನ್, ಗ್ಲೋವರ್, ಲಾರ್ಡ್, ಪೇಸ್, ಗಿಟಾರ್‌ಗೆ ಸ್ಟೀವ್ ಮೋರ್ಸ್. ಮಾರ್ಕ್ 3ರ ಒಂದು ಹಾಡೂ ಇಲ್ಲ. ಗಿಲನ್ ಇರುವ ಬ್ಯಾಂಡ್ ಅವನ್ನು ಮುಟ್ಟುವುದಿಲ್ಲ. ನನಗಂತೂ ಕೊರತೆ ಅನಿಸಲಿಲ್ಲ.

ಆರನೇ_ತಂತಿ:

ಗಿಲನ್ ಹಾಡದಿರುವುದು ಅವನಿಗೆ ಆ ಹಾಡುಗಳು ತನ್ನವಲ್ಲ ಅಂತ, ಕೆಟ್ಟವು ಅಂತ ಅಲ್ಲ! ಇರಲಿ. ಮುರಿಯುವ ಕಾರಣ ಇದರಲ್ಲೇ ಕೇಳಿಸುತ್ತದೆ ಅಂದಿರಲ್ಲ, ಅದಕ್ಕೇ ನನಗೆ ಇದು ಇಷ್ಟ. ಒಂದು ಕಡೆ ಎಳೆಯುವ ಹ್ಯೂಸ್, ಇನ್ನೊಂದು ಕಡೆ ಎಳೆಯುವ ಬ್ಲ್ಯಾಕ್‌ಮೋರ್, ನಡುವೆ ಹಗ್ಗ ಬಿಗಿಯಾಗಿದೆ. 'ಸ್ಟಾರ್ಮ್‌ಬ್ರಿಂಗರ್'ನಲ್ಲಿ ಒಬ್ಬ ಕೈಬಿಟ್ಟ, ಹಗ್ಗ ಸಡಿಲವಾಯ್ತು.

ಇನ್ನೊಂದು ವಿಷಯ ಗೊತ್ತಾ, ಮೂಲ ರೆಕಾರ್ಡಿನಲ್ಲಿ ಹಾಡು ಬರೆದವರ ಪಟ್ಟಿಯಲ್ಲಿ ಹ್ಯೂಸ್ ಹೆಸರೇ ಇಲ್ಲ. ಅವನಿಗೆ ಬೇರೆ ಕಡೆ ಒಪ್ಪಂದ ಇತ್ತು, ಹಾಗಾಗಿ ಹೆಸರು ಹಾಕಲು ಆಗಲಿಲ್ಲ. 2004ರಲ್ಲಿ ಮೂವತ್ತು ವರ್ಷದ ಆವೃತ್ತಿ ಬಂದಾಗ ಸರಿ ಮಾಡಿದರು.

ಕ್ಯಾಸೆಟ್_ಕಾಲದವನು:

ಜಗಳದ ನಡುವೆ ಒಬ್ಬನನ್ನು ಮರೆತಿರಿ. ಮಾರ್ಟಿನ್ ಬರ್ಚ್. 'ಬರ್ನ್'ಗೆ ಅವನೇ ರೆಕಾರ್ಡಿಂಗ್ ಎಂಜಿನಿಯರ್. ಆಮೇಲೆ ಗಾಯಕ ಓಜಿ ಆಸ್ಬರ್ನ್ ಹೋದ ಮೇಲೆ ಬ್ಲ್ಯಾಕ್ ಸಬ್ಬತ್ ಬ್ಯಾಂಡ್ 1980ರಲ್ಲಿ ರಾನಿ ಜೇಮ್ಸ್ ಡಿಯೋ ಜೊತೆ 'ಹೆವನ್ ಅಂಡ್ ಹೆಲ್' ಮಾಡಿದಾಗ ನಿರ್ಮಾಪಕ ಯಾರು? ಬರ್ಚ್. ಪಾಲ್ ಡಿಯಾನೋ ಹೋಗಿ ಬ್ರೂಸ್ ಡಿಕಿನ್ಸನ್ ಬಂದ ಮೇಲೆ 1982ರಲ್ಲಿ ಐರನ್ ಮೇಡನ್ ಮಾಡಿದ 'ದಿ ನಂಬರ್ ಆಫ್ ದಿ ಬೀಸ್ಟ್'? ಮತ್ತೆ ಬರ್ಚ್. ಗಾಯಕ ಬದಲಾದ ಮೂರು ಬ್ಯಾಂಡ್, ಮೂರರಲ್ಲೂ ಹೊಸಬನ ದನಿ ಮುಂದೆ ನಿಲ್ಲುವ ಹಾಗೆ ರೆಕಾರ್ಡ್ ಮಾಡಿದವನು ಒಬ್ಬನೇ. ಹೊಸಬನನ್ನು ಗಿಟಾರ್ ಹಿಂದೆ ಅಡಗಿಸಿಡಲಿಲ್ಲ.

ಅಂದಹಾಗೆ ಡಿಯೋ ಬಂದಿದ್ದು ಕೂಡ ಇಲ್ಲಿಂದಲೇ. ಅವನ ಎಲ್ಫ್ ಬ್ಯಾಂಡ್ ಪರ್ಪಲ್ ಕಾರ್ಯಕ್ರಮಗಳಿಗೆ ಮೊದಲು ನುಡಿಸುತ್ತಿತ್ತು. ಬ್ಲ್ಯಾಕ್‌ಮೋರ್ ಅವನನ್ನು ರೇನ್‌ಬೋಗೆ ಎತ್ತಿಕೊಂಡ, ಅಲ್ಲಿಂದ ಸಬ್ಬತ್‌ಗೆ ಹೋದ. ಇತ್ತ ಕವರ್‌ಡೇಲ್ 1978ರಲ್ಲಿ ವೈಟ್‌ಸ್ನೇಕ್ ಕಟ್ಟಿದ.

ಹೊಸಬರು ನಿಜವಾಗಿ ಗೆದ್ದರಾ ಅಂತ ನೋಡಬೇಕಿದ್ದರೆ 6 ಏಪ್ರಿಲ್ 1974ರ ಕ್ಯಾಲಿಫೋರ್ನಿಯಾ ಜಾಮ್ ಸಂಗೀತೋತ್ಸವದ ವಿಡಿಯೋ ನೋಡಿ. ಆಲ್ಬಮ್ ಬಂದು ಎರಡು ತಿಂಗಳು ಕೂಡ ಆಗಿರಲಿಲ್ಲ, ಎದುರಿಗೆ ಲಕ್ಷಗಟ್ಟಲೆ ಜನ. ಹೊಸ ಹಾಡಿನಿಂದಲೇ ಶುರು ಮಾಡುತ್ತಾರೆ, ಹಳೆಯದನ್ನು ಹಾಡಿ ಮೊದಲು ಜನರನ್ನು ಒಲಿಸಿಕೊಳ್ಳೋಣ ಅನ್ನುವ ಅಳುಕೇ ಇಲ್ಲ. ಕೊನೆಗೆ ಬ್ಲ್ಯಾಕ್‌ಮೋರ್ ಟಿವಿ ಕ್ಯಾಮೆರಾಗೆ ಗಿಟಾರ್‌ನಿಂದ ಗುದ್ದಿ, ಆಂಪ್ಲಿಫೈಯರ್‌ಗೆ ಬೆಂಕಿ ಹಚ್ಚಿಸುತ್ತಾನೆ. ಅದು ಬೇರೆ ವಿಚಾರ.

ಸುಮ್ನೆ_ಕೇಳುಗ:

ಎಲ್ಲರಿಗೂ ಥ್ಯಾಂಕ್ಸ್. ಹೇಳಿದ ಹಾಗೆ 'ಸೇಲ್ ಅವೇ' ಮೊದಲು ಕೇಳಿದೆ, ಈಗ ಇಬ್ಬರೂ ಬೇರೆ ಬೇರೆ ಕೇಳಿಸುತ್ತಿದ್ದಾರೆ. ಹ್ಯೂಸ್ ಇನ್ನೂ ಪೂರ್ತಿ ಒಗ್ಗಿಲ್ಲ, ಕವರ್‌ಡೇಲ್ ಹಿಡಿಸಿದ. ಎರಡು ಸಲ ಬರುವುದಕ್ಕೆ ಮಾತ್ರ ಯಾರೂ ಉತ್ತರ ಕೊಡಲಿಲ್ಲ.

ಹ್ಯಾಮಂಡ್_ಹುಚ್ಚ:

ನಿಮ್ಮ ಹತ್ತಿರ ಇರುವುದು ಆ 2004ರ ಆವೃತ್ತಿ. ಮೂಲ ಆಲ್ಬಮ್ ಎಂಟೇ ಹಾಡು, 'ಎ 200'ಗೆ ಮುಗಿಯಿತು. ಅದರ ಮುಂದಿನ 'ಕರೊನೇರಿಯಸ್ ರೆಡಿಗ್' ಆಗಿನ ಸಿಂಗಲ್ (ಒಂದು ಹಾಡಿಗೆಂದು ಬಿಟ್ಟ ಚಿಕ್ಕ ರೆಕಾರ್ಡ್) ಒಂದರ ಹಿಂಬದಿಯಲ್ಲಿದ್ದದ್ದು, ಆಮೇಲೆ ಬರುವವು ಅದೇ ಹಾಡುಗಳಲ್ಲಿ ಕೆಲವದರ ಹೊಸ ಮಿಕ್ಸ್, ಅಂದ್ರೆ ಅದೇ ರೆಕಾರ್ಡಿಂಗನ್ನು ಬೇರೆ ಥರ ಬೆರೆಸಿದ್ದು. 'ಸೇಲ್ ಅವೇ' ಕೂಡ ಅದರಲ್ಲೊಂದು. ಮೊದಲು ಎಂಟಕ್ಕೆ ನಿಲ್ಲಿಸಿ. ರುಚಿ ಹತ್ತಿದರೆ 'ಮೇಡ್ ಇನ್ ಯುರೋಪ್' ಲೈವ್ ಕೇಳಿ, 1975ರಲ್ಲಿ ಬ್ಲ್ಯಾಕ್‌ಮೋರ್ ಬಿಡುವ ಮುಂಚಿನ ಕೊನೆಯ ಕಾರ್ಯಕ್ರಮಗಳದ್ದು. ಅದರಲ್ಲಿ 'ಮಿಸ್‌ಟ್ರೀಟೆಡ್' ಇನ್ನೂ ಉದ್ದ.

ಮಾರ್ಕ್2_ಮಾತ್ರ:

ಲೈವ್ 'ಮಿಸ್‌ಟ್ರೀಟೆಡ್' ಚೆನ್ನಾಗಿದೆ, ಅದನ್ನು ಒಪ್ಪುತ್ತೇನೆ. ಆದರೆ 1983ರಲ್ಲಿ ಗಿಲನ್ ಬ್ಲ್ಯಾಕ್ ಸಬ್ಬತ್‌ಗೆ ಹೋಗಿ ಹಾಡಿದ 'ಬಾರ್ನ್ ಅಗೇನ್' ವಿಚಾರ ಮಾತ್ರ ಇಲ್ಲಿ ಯಾರೂ ಎತ್ತಬೇಡಿ. ಅದಕ್ಕೆ ಬೇರೆ ಥ್ರೆಡ್ ಶುರು ಮಾಡಿ, ಬರುತ್ತೇನೆ.