ಪೈಥಾನ್: ರಾತ್ರಿ ಓಡಿಸಿದ ಎಂಜಿನ್ ಗಂಟೆ ಮೈನಸ್ ಬರುತ್ತಿದೆ

ಪ್ರಶ್ನೆ (ಮೂಡಿಗೆರೆ)
ನಮಸ್ಕಾರ. ನಮ್ಮದು ರೋಬಸ್ಟಾ ಕಾಫಿ ತೋಟ. ಹೂವಿಗೆ ನೀರು ಹೊಡೆಯುವಾಗ ಡೀಸೆಲ್ ಎಂಜಿನ್ ಶುರು ಮಾಡಿದ ಹೊತ್ತು, ನಿಲ್ಲಿಸಿದ ಹೊತ್ತು ಎರಡನ್ನೂ ಬರೆದಿಡುತ್ತೇವೆ. ಗಂಟೆ ಕೂಡಿಸಲು ಪೈಥಾನ್‌ನಲ್ಲಿ ಚಿಕ್ಕ ಪ್ರೋಗ್ರಾಂ ಮಾಡಿದ್ದೇನೆ. ನಿಲ್ಲಿಸಿದ ಹೊತ್ತಿನಿಂದ ಶುರು ಮಾಡಿದ ಹೊತ್ತನ್ನು ಕಳೆದು, ಟೋಟಲ್ ಸೆಕೆಂಡ್ಸ್ (total_seconds()) ಹಾಕಿ ಗಂಟೆ ಮಾಡುತ್ತೇನೆ. ಹಗಲಿನ ಲೆಕ್ಕ ಸರಿ ಇದೆ. ರಾತ್ರಿ 22:40ಕ್ಕೆ ಶುರು ಮಾಡಿ ಬೆಳಗಿನ ಜಾವ 04:15ಕ್ಕೆ ನಿಲ್ಲಿಸಿದ್ದು ಮಾತ್ರ ಮೈನಸ್ 18.42 ಗಂಟೆ ಬರುತ್ತಿದೆ. ಕಳೆದದ್ದನ್ನು ಹಾಗೇ ಪ್ರಿಂಟ್ ಮಾಡಿದರೆ ‘ಮೈನಸ್ 1 ದಿನ, 5:35:00’ ಅನ್ನುತ್ತದೆ. ಎರಡು ದಿನದಿಂದ ತಲೆ ಕೆಟ್ಟಿದೆ.

ಉತ್ತರ (ಸಕಲೇಶಪುರ)
ಸರ್, ಟೋಟಲ್ ಸೆಕೆಂಡ್ಸ್ ಬದಲು ಸುಮ್ನೆ ಡಾಟ್ ಸೆಕೆಂಡ್ಸ್ (.seconds) ಹಾಕಿ. 20100 ಬರುತ್ತೆ. 3600ರಿಂದ ಭಾಗಿಸಿದರೆ 5.58 ಗಂಟೆ.

ಮೂಡಿಗೆರೆ
ಬಂತು! ತುಂಬಾ ಥ್ಯಾಂಕ್ಸ್.

ಉತ್ತರ (ಹಾಸನ)
ಅಲ್ಲಿಗೇ ಬಿಡಬೇಡಿ ಸರ್. ಈ ದಾರಿಯಲ್ಲಿ ನಾನೂ ಪೆಟ್ಟು ತಿಂದಿದ್ದೇನೆ.

ನೀವು ಕೊಡುತ್ತಿರುವುದು ಬರೀ ಗಂಟೆ-ನಿಮಿಷ. ತಾರೀಕು ಇಲ್ಲದಿದ್ದರೆ ಪೈಥಾನ್ ಎರಡಕ್ಕೂ 1900ರ ಜನವರಿ 1 ಅಂತ ಹಾಕಿಕೊಳ್ಳುತ್ತದೆ. ಹಾಗಾಗಿ ಅದರ ಲೆಕ್ಕದಲ್ಲಿ ಎಂಜಿನ್ ನಿಂತಿದ್ದು ಶುರುವಾಗುವುದಕ್ಕಿಂತ ಮೊದಲೇ. ಮೈನಸ್ 18 ಗಂಟೆ 25 ನಿಮಿಷ. ಎರಡು ಹೊತ್ತಿನ ವ್ಯತ್ಯಾಸವನ್ನು ಪೈಥಾನ್ ಟೈಮ್‌ಡೆಲ್ಟಾ ಅನ್ನುವ ರೂಪದಲ್ಲಿ, ದಿನ ಮತ್ತು ಸೆಕೆಂಡು ಬೇರೆ ಬೇರೆಯಾಗಿ ಇಡುತ್ತದೆ. ಅದರಲ್ಲಿ ಮೈನಸ್ ಆಗುವುದು ದಿನ ಮಾತ್ರ. ಸೆಕೆಂಡು ಯಾವಾಗಲೂ 0ಯಿಂದ 86399ರ ಒಳಗೇ ಇರುತ್ತದೆ. ಅದಕ್ಕೇ ಒಂದು ದಿನ ಹಿಂದೆ ಹೋಗಿ 5:35 ಮುಂದೆ ಬರುತ್ತದೆ. ಡಾಟ್ ಸೆಕೆಂಡ್ಸ್ ಆ ದಿನವನ್ನು ಬಿಟ್ಟು ಉಳಿದದ್ದನ್ನು ಕೊಡುತ್ತದೆ. ನಿಮ್ಮ ಉತ್ತರ ಸರಿಯಾಗಿದ್ದು ಹಾಗೆ.

ಆದರೆ ಎಂಜಿನ್ ಶನಿವಾರ ರಾತ್ರಿ 9ಕ್ಕೆ ಶುರುವಾಗಿ ಭಾನುವಾರ ರಾತ್ರಿ 11ರವರೆಗೆ ಓಡಿತು ಅಂದುಕೊಳ್ಳಿ. 26 ಗಂಟೆ. ಡಾಟ್ ಸೆಕೆಂಡ್ಸ್ ತೋರಿಸುವುದು 2 ಗಂಟೆ. ಎರರ್ ಕೂಡ ಬರಲ್ಲ, ಅದೇ ಜಾಸ್ತಿ ಅಪಾಯ.

ಇನ್ಮೇಲೆ ತಾರೀಕನ್ನೂ ಸೇರಿಸಿ ಬರೆಯಿರಿ. ನಿಲ್ಲಿಸಿದ್ದರಿಂದ ಶುರು ಮಾಡಿದ್ದನ್ನು ಕಳೆದು, ಟೋಟಲ್ ಸೆಕೆಂಡ್ಸ್ ತೆಗೆದುಕೊಳ್ಳಿ, ಅದು ದಿನವನ್ನೂ ಸೇರಿಸಿ ಎಣಿಸುತ್ತದೆ. ಹಳೆಯ ಸಾಲುಗಳಲ್ಲಿ ಉತ್ತರ ಮೈನಸ್ ಬಂದರೆ ಒಂದು ದಿನ ಕೂಡಿಸಬಹುದು, ಆದರೆ 24 ಗಂಟೆ ದಾಟಿಲ್ಲ ಅಂತ ಗೊತ್ತಿದ್ದರೆ ಮಾತ್ರ.

ಹಾಂ, ಇನ್ನೊಂದು. ಒಂದು ಸಮಯ ಫೋನಿನದು, ಇನ್ನೊಂದು ಸರ್ವರ್‌ನದು ಆಗದಂತೆ ನೋಡಿಕೊಳ್ಳಿ. ಸರ್ವರ್ ಯುಟಿಸಿಯಲ್ಲಿದ್ದರೆ (ಜಾಗತಿಕ ಪ್ರಮಾಣ ಸಮಯ) ನಮ್ಮ ಸಮಯಕ್ಕೂ ಅದಕ್ಕೂ ಐದೂವರೆ ಗಂಟೆ ವ್ಯತ್ಯಾಸ ಬರುತ್ತದೆ.

ಸಕಲೇಶಪುರ
ಇದು ನನಗೂ ಗೊತ್ತಿರಲಿಲ್ಲ. ನನ್ನ ಕೋಡ್ ಇವತ್ತೇ ಬದಲಾಯಿಸುತ್ತೇನೆ.

ಮೂಡಿಗೆರೆ
ಡೀಸೆಲ್ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ನೋಡಿದೆ ಸರ್. ಎರಡು ಸಾಲು ಸಿಕ್ಕವು. ಎರಡರಲ್ಲೂ 3 ಗಂಟೆ ಚಿಲ್ಲರೆ ಅಂತ ಇತ್ತು, ಡೀಸೆಲ್ ಮಾತ್ರ ಒಂದಿಡೀ ದಿನದ್ದು ಹೋಗಿದೆ. ಎಂಜಿನ್ ನೋಡಿಕೊಳ್ಳುವ ಹುಡುಗ ಡೀಸೆಲ್ ಜಾಸ್ತಿ ಬಳಸಿದ್ದಾನೆ ಅಂದುಕೊಂಡು ಅವನನ್ನು ಕೇಳುವುದರಲ್ಲಿದ್ದೆ. ತಾರೀಕಿನ ಕಾಲಂ ಈಗಲೇ ಹಾಕಿದೆ.