ಮಧ್ಯಾಹ್ನ ಸೋಲಾರ್ ಇರುವಾಗ ಕಲ್ಲಿದ್ದಲು ಘಟಕ ಯಾಕೆ ನಿಲ್ಲಿಸಲ್ಲ?

ಪ್ರಶ್ನೆ
ಮಧ್ಯಾಹ್ನ ಸೋಲಾರ್ ಕರೆಂಟ್ ಜಾಸ್ತಿಯಾಗಿ, ಕೆಲವೊಮ್ಮೆ ಅದರ ಉತ್ಪಾದನೆಯನ್ನೇ ತಗ್ಗಿಸುತ್ತಾರಂತೆ. ಅದೇ ಹೊತ್ತಿಗೆ ಕಲ್ಲಿದ್ದಲು ಘಟಕಗಳೂ ಓಡುತ್ತಿರುತ್ತವೆ. ಹಗಲು ಅವನ್ನು ನಿಲ್ಲಿಸಿ ಸಂಜೆ ಶುರು ಮಾಡಿದರೆ ಆಗಲ್ವಾ? ಒಳಗಿನ ಕೆಲಸ ಗೊತ್ತಿರುವವರು ಬಿಡಿಸಿ ಹೇಳಿ.

ಉತ್ತರ 1
ನಾನು ಥರ್ಮಲ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಶಿಫ್ಟ್ ಕೆಲಸ ಮಾಡುತ್ತೇನೆ. ಪೂರ್ತಿ ತಣ್ಣಗಾದ ಘಟಕ ಮತ್ತೆ ಗ್ರಿಡ್‌ಗೆ ಸೇರಲು ಎಂಟು-ಹತ್ತು ಗಂಟೆ ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. ಬಿಸಿ ಆರುವ ಮೊದಲೇ ಎಬ್ಬಿಸಿದರೆ ಎರಡು-ಮೂರು ಗಂಟೆ. ಅವಸರ ಮಾಡುವ ಹಾಗಿಲ್ಲ. ಬಾಯ್ಲರ್ ಡ್ರಮ್ಮಿನ (ನೀರು, ಹಬೆ ಬೇರ್ಪಡುವ ದೊಡ್ಡ ಲೋಹದ ಪಾತ್ರೆ) ಗೋಡೆ ತುಂಬಾ ದಪ್ಪ. ಅದರ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಬಿಸಿಯಲ್ಲಿ ವ್ಯತ್ಯಾಸ ಜಾಸ್ತಿಯಾದರೆ ಲೋಹ ಬಿರುಕು ಬಿಡುವ ಅಪಾಯ. ದಿನಾ ಕಾಯಿಸಿ ಆರಿಸುತ್ತಿದ್ದರೆ ಟ್ಯೂಬ್‌ಗಳೂ ಸೋರಲು ಶುರುವಾಗುತ್ತವೆ.

ಅದಕ್ಕೇ ನಿಲ್ಲಿಸದೆ ಲೋಡ್, ಅಂದರೆ ಉತ್ಪಾದನೆ, ಇಳಿಸುತ್ತೇವೆ. ಅದಕ್ಕೂ ಒಂದು ತಳ ಇದೆ. ಅದರ ಕೆಳಗೆ ಹೋದರೆ ಕುಲುಮೆಯಲ್ಲಿ ಬೆಂಕಿ ನಿಲ್ಲುವುದಿಲ್ಲ. ಪರದೆ ಮೇಲೆ ಫ್ಲೇಮ್ ಸ್ಕ್ಯಾನರ್ (ಬೆಂಕಿ ಇದೆಯೇ ಅಂತ ನೋಡುವ ಸೆನ್ಸರ್) ಸೂಚನೆ ಒಂದೊಂದಾಗಿ ಮಿನುಗತೊಡಗಿದರೆ ಎಣ್ಣೆ ಚಿಮ್ಮಿಸಿ ಉರಿಸುವ ಆಯಿಲ್ ಗನ್ ಹಾಕಲೇಬೇಕು, ಇಲ್ಲದಿದ್ದರೆ ಘಟಕ ಟ್ರಿಪ್ ಆಗಿ ತಾನಾಗೇ ನಿಂತುಹೋಗುತ್ತೆ. ಬೆಂಕಿ ಉಳಿಸಲಿಕ್ಕೆಂದೇ ಎಣ್ಣೆ ಸುಡುವುದು ನೋಡಿದರೆ ಸಂಕಟ ಆಗುತ್ತದೆ. ಕಡಿಮೆ ಲೋಡಿನಲ್ಲಿ ಒಂದೊಂದು ಯೂನಿಟ್‌ಗೂ ಕಲ್ಲಿದ್ದಲು ಜಾಸ್ತಿ ಬೇಕು, ಅದೂ ಸೇರಿಸಿಕೊಳ್ಳಿ.

ಆದರೆ ಈ ತಳವನ್ನು ಇಳಿಸಬಹುದು! ಡೆನ್ಮಾರ್ಕಿನವರು ಬರ್ನರ್, ಕಂಟ್ರೋಲ್ ಎಲ್ಲ ಸುಧಾರಿಸಿ, ಹಳೆಯ ಘಟಕಗಳನ್ನೇ ಸಾಮರ್ಥ್ಯದ ಮೂರನೇ ಒಂದು ಭಾಗಕ್ಕಿಂತ ಕೆಳಗೆ ಓಡಿಸಿದ್ದಾರೆ.

ಉತ್ತರ 2
ಬ್ಯಾಟರಿ ಹಾಕಿ ಇವನ್ನೆಲ್ಲ ಮುಚ್ಚಿದರಾಯ್ತಲ್ಲ? ಬ್ರಿಟನ್ 2024ರ ಸೆಪ್ಟೆಂಬರ್ 30ರಂದು ಕೊನೆಯ ಕಲ್ಲಿದ್ದಲು ಸ್ಥಾವರ ಮುಚ್ಚಿತು.

ಉತ್ತರ 1 ಬರೆದವರು
ಮುಚ್ಚಿದ್ದು ನನಗೂ ಖುಷಿಯೇ. ಆದರೆ ಅಲ್ಲಿ ಗಾಳಿ ಬೀಸದ ದಿನ ಹೊರೆ ಹೊರುವುದು ಹೆಚ್ಚಾಗಿ ಗ್ಯಾಸ್ ಸ್ಥಾವರಗಳು. ಅವೂ ಇಂಧನ ಸುಟ್ಟು ಓಡುವ ಥರ್ಮಲ್ಲೇ. ಈಗಿನ ಬ್ಯಾಟರಿಗಳು ಸಂಜೆಯ ಎರಡು-ನಾಲ್ಕು ಗಂಟೆಗೆ ಚೆನ್ನಾಗಿ ಒದಗುತ್ತವೆ, ಬಂದಷ್ಟೂ ಒಳ್ಳೆಯದು. ದಿನಗಟ್ಟಲೆ ಮೋಡ ಕವಿದು ಗಾಳಿಯೂ ಇಲ್ಲದಿದ್ದರೆ ಸಾಲುವುದಿಲ್ಲ.

ನನ್ನ ಪ್ರಕಾರ ತೊಡಕು ಇರುವುದು ಹಣ ಕೊಡುವ ರೀತಿಯಲ್ಲಿ. ಎಷ್ಟು ಯೂನಿಟ್ ಉತ್ಪಾದಿಸಿತು ಅಂತ ನೋಡಿಯೇ ಹಣ ಕೊಟ್ಟರೆ, ಹಗಲು ಸೋಲಾರ್‌ಗೆ ಜಾಗ ಬಿಡಲು ಯಾವ ಸ್ಥಾವರಕ್ಕೆ ಮನಸ್ಸು ಬರುತ್ತದೆ? ಬೇಡ ಅಂದಾಗ ಇಳಿಯಿತೇ, ಕರೆದಾಗ ಬಂತೇ ಅಂತ ನೋಡಿ ಕೊಡಬೇಕು. ಇದನ್ನೇ ನೆಪ ಮಾಡಿ ಹೊಸ ಕಲ್ಲಿದ್ದಲು ಸ್ಥಾವರ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಇರುವುದನ್ನೇ ಬಗ್ಗಿಸಿ ಬಳಸೋಣ.

ಉತ್ತರ 3
ಗ್ರಿಡ್ ಕಡೆಯಿಂದ ಒಂದು ಮಾತು. ದೊಡ್ಡ ಘಟಕ ತಟ್ಟನೆ ನಿಂತುಹೋದಾಗ, ಗ್ರಿಡ್ ಕರೆಂಟಿನ ಮಿಡಿತದ ವೇಗ, ಅಂದರೆ ಫ್ರೀಕ್ವೆನ್ಸಿ, 50 ಹರ್ಟ್ಸ್‌ನಿಂದ ಸರ್ರನೆ ಜಾರದಂತೆ ಮೊದಲ ಕೆಲವು ಸೆಕೆಂಡು ತಡೆಯುವುದು ತಿರುಗುತ್ತಿರುವ ಟರ್ಬೈನ್‌ಗಳ ಭಾರ. ಹಾಗಂತ ಅದಕ್ಕಾಗಿ ಕಲ್ಲಿದ್ದಲು ಸುಡಲೇಬೇಕಿಲ್ಲ. ಹಳೆ ಜನರೇಟರನ್ನು ಸಿಂಕ್ರೊನಸ್ ಕಂಡೆನ್ಸರ್ (ಇಂಧನ ಇಲ್ಲದೆ, ಗ್ರಿಡ್ ಕರೆಂಟಿನಿಂದಲೇ ತಿರುಗುವ ಯಂತ್ರ) ಮಾಡಿ ಸುಮ್ನೆ ತಿರುಗಿಸಬಹುದು. ಜರ್ಮನಿಯ ಬಿಬ್ಲಿಸ್ ಅಣು ಸ್ಥಾವರದ ಜನರೇಟರನ್ನು 2012ರಲ್ಲಿ ಹೀಗೇ ಬದಲಿಸಿದರು, ವೋಲ್ಟೇಜ್ ಹಿಡಿದಿಡಲು.

ಪ್ರಶ್ನೆ ಕೇಳಿದವರು
ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಬರ್ನರ್ ಬದಲಿಸಲು ಘಟಕ ನಿಲ್ಲಿಸಬೇಕಲ್ವಾ?

ಉತ್ತರ 1 ಬರೆದವರು
ಹೌದು. ಓವರ್‌ಹಾಲ್‌ಗೆ ಹೇಗೂ ನಿಲ್ಲಿಸುತ್ತೇವೆ, ಅದರ ಜೊತೆಗೇ ಸೇರಿಸಿಕೊಳ್ಳಬೇಕು.